ನಿಮ್ಮಪ್ಪಗ ಕರ್ಕೊಂಡ್ ಬಾ: ಆದೇಶವಿಲ್ಲದೆ ಶಾಲೆಯಿಂದ ಹೊರಬೀಳುವ ಮಕ್ಕಳು

ಕಲಬುರಗಿ, ಯಾದಗಿರಿ ಅಥವಾ ಬೀದರ್ ಕಡೆಯ ಯಾವುದಾದರೂ ಹೈಸ್ಕೂಲಿಗೆ ಹೋಗಿ, ಈ ವರ್ಷ ಎಷ್ಟು ಮಕ್ಕಳನ್ನು ಸಸ್ಪೆಂಡ್ ಮಾಡಿದ್ದೀರಿ ಅಂತ ಕೇಳಿ ನೋಡಿ. ‘ಏ, ಅಂಥಾದ್ದೆಲ್ಲ ನಮ್ಮಲ್ಲಿ ಇಲ್ರಿ’ ಅನ್ನುವ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದೇಶ ಇಲ್ಲ, ಫೈಲ್ ಇಲ್ಲ, ನೋಟಿಸ್ ಇಲ್ಲ. ಆದರೆ ಪ್ರಾರ್ಥನೆ ಮುಗಿದು ಅರ್ಧ ಗಂಟೆಯಾದ ಮೇಲೆ ಗೇಟಿನ ಆಚೆ ಬಂದು ನೋಡಿ. ಪಾನ್ ಅಂಗಡಿ ಪಕ್ಕದ ಕಟ್ಟೆಯ ಮೇಲೆ ಇಬ್ಬರು ಮೂವರು ಹುಡುಗರು ಕೂತಿರುತ್ತಾರೆ. ಯೂನಿಫಾರ್ಮ್ ಇದೆ, ಬೆನ್ನಿಗೆ ಬ್ಯಾಗ್ ಇದೆ. ಶಾಲೆಗೆ ಅಂತಲೇ ಮನೆ ಬಿಟ್ಟವರು. ಯಾಕ್ರೋ ಇಲ್ಲಿ ಕೂತೀರಿ ಅಂದರೆ ಒಂದೇ ಮಾತು: ‘ಸರ್ ನಿಮ್ಮಪ್ಪಗ ಕರ್ಕೊಂಡ್ ಬಾ ಅಂದಾರ.’

ಶಿಸ್ತಿನ ಹೆಸರಲ್ಲಿ ಮಕ್ಕಳನ್ನು ಹೊರಗಿಡಲು ನಮ್ಮ ಭಾಗದಲ್ಲಿ ಜಾಸ್ತಿ ಬಳಕೆಯಲ್ಲಿರುವ ದಾರಿ ಇದೇ ಅಂತ ನನಗನ್ನಿಸುತ್ತದೆ. ಹೊರಹಾಕಬೇಡಿ ಅನ್ನುತ್ತದೆ ಕಾನೂನು. ನಾವು ಹಾಕಿಲ್ಲ ಅನ್ನುತ್ತದೆ ಶಾಲೆ. ಮಗು ಮಾತ್ರ ಹೊರಗೇ ಇರುತ್ತದೆ. ಯಾವ ಕಾಗದದಲ್ಲೂ ಇದು ಕಾಣುವುದಿಲ್ಲ, ಹಾಗಾಗಿ ಯಾರೂ ಪ್ರಶ್ನೆ ಮಾಡುವುದಿಲ್ಲ. ದಿನದ ಲೆಕ್ಕವೂ ಇಲ್ಲ. ಅಪ್ಪ ಬರುವವರೆಗೆ ಅಂದರೆ ಎಲ್ಲಿಯವರೆಗೆ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಗುವಿಗೆ ಅಪ್ಪನನ್ನು ಕರೆದುಕೊಂಡು ಬಾ ಅಂದರೆ ಅವತ್ತು ಸಂಜೆಯೇ ಮನೆಯಿಂದ ಟೀಚರ್‌ಗೆ ಫೋನ್ ಹೋಗುತ್ತದೆ. ಮರುದಿನ ಅಪ್ಪ ಆಫೀಸಿಗೆ ಒಂದು ಗಂಟೆ ತಡವಾಗಿ ಹೋಗುತ್ತಾನೆ. ಅಲ್ಲಿಗೆ ಮುಗಿಯಿತು. ಅದೇ ಮಾತನ್ನು ಚಿಂಚೋಳಿ ಕಡೆಯ ತಾಂಡಾದ ಹುಡುಗನಿಗೋ, ಶಹಾಪುರದ ಹಳ್ಳಿಯ ಹುಡುಗಿಗೋ ಹೇಳಿದಾಗ ಲೆಕ್ಕ ಬೇರೆಯಾಗುತ್ತದೆ. ಅಪ್ಪ ಅವ್ವ ಇಬ್ಬರೂ ದುಡಿಯಲು ಹೋಗಿರುತ್ತಾರೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ದಸರಾ ದೀಪಾವಳಿ ಮುಗಿಸಿ ಗುಳೆ ಹೋದವರು ಯುಗಾದಿಗೆ ಬಂದರೆ ಬಂದರು. ಮನೆಯಲ್ಲಿ ಅಜ್ಜಿ ಇರುತ್ತಾಳೆ, ಇಲ್ಲವೇ ದೊಡ್ಡಪ್ಪ. ಊರಲ್ಲೇ ಇರುವ ಅಪ್ಪನಾದರೂ ಶಾಲೆಗೆ ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು.

ನನಗೆ ಗೊತ್ತಿರುವ ಒಬ್ಬ ಹುಡುಗ ಎಂಟನೇ ಕ್ಲಾಸಿನಲ್ಲಿದ್ದ. ಬೆಂಚ್ ಮುರಿದ ಅನ್ನುವುದು ಅವನ ಮೇಲಿನ ದೂರು. ಮುರಿದಿದ್ದವರು ನಾಲ್ಕು ಜನ, ಉಳಿದ ಮೂವರ ಅಪ್ಪಂದಿರು ಮರುದಿನವೇ ಬಂದರು. ಇವನ ಪರವಾಗಿ ಬಂದವಳು ಅಜ್ಜಿ. ಆಫೀಸ್ ರೂಮಿನ ಹೊರಗೆ ಸೆರಗು ಸರಿಮಾಡಿಕೊಂಡು ನಿಂತಿದ್ದಳು.

‘ಇವರಪ್ಪ ಉಗಾದಿಗಿ ಬರ್ತಾನ್ರಿ ಸರ್.’

‘ಹಂಗಾದ್ರ ಉಗಾದಿಗೇ ಕಳಸ್ರಿ.’

ಸರ್ ಇದನ್ನು ಸಿಟ್ಟಿನಲ್ಲಿ ಅಂದಿದ್ದರೋ ತಮಾಷೆಗೆ ಅಂದಿದ್ದರೋ, ಅಜ್ಜಿ ಅದನ್ನು ಅಪ್ಪಣೆ ಅಂತಲೇ ತಗೊಂಡಳು. ಸಾಹೇಬರು ಯುಗಾದಿವರೆಗೆ ಬರಬೇಡ ಅಂದಿದ್ದಾರೆ, ಮುಗಿಯಿತು. ಅದು ಹತ್ತಿ ಬಿಡಿಸುವ ಕಾಲ. ಹುಡುಗ ಪಕ್ಕದ ಮನೆಯವರ ಜೊತೆ ಹೊಲಕ್ಕೆ ಹೋಗತೊಡಗಿದ. ಹತ್ತಿ ಮುಗಿಯುವಷ್ಟರಲ್ಲಿ ತೊಗರಿ ರಾಶಿ ಬಂತು. ಕೈಗೆ ನಾಲ್ಕು ಕಾಸು ಬಂತು, ಆಮೇಲೆ ಮೊಬೈಲ್ ಬಂತು. ಯುಗಾದಿ ಹೊತ್ತಿಗೆ ವಾರ್ಷಿಕ ಪರೀಕ್ಷೆಯ ಕಾಲ. ಅಪ್ಪ ಬಂದ, ಮಗ ದುಡಿಯುವುದನ್ನು ನೋಡಿದ, ವಾಪಸ್ ಹೋಗುವಾಗ ಅವನನ್ನೂ ಕರೆದುಕೊಂಡು ಹೋದ. ಶಾಲೆಯ ಹಾಜರಿ ಪುಸ್ತಕದ ಪ್ರಕಾರ ಆ ಹುಡುಗನಿಗೆ ಯಾವ ಶಿಕ್ಷೆಯೂ ಆಗಿಲ್ಲ. ಅವನು ಬರಲಿಲ್ಲ, ಅಷ್ಟೇ.

ಇನ್ನು ಅಪ್ಪ ಬಂದೇಬಿಟ್ಟ ಅಂತಿಟ್ಟುಕೊಳ್ಳಿ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇಕಡಾ 51.83, ರಾಜ್ಯಕ್ಕೇ ಕಡಿಮೆ. ಕಲಬುರಗಿ 64.85, ಬೀದರ್ 70.51. ಇಲ್ಲಿ ಬಹಳಷ್ಟು ಅಪ್ಪಂದಿರು ಶಾಲೆಯ ಮೆಟ್ಟಿಲು ಹತ್ತುವುದೇ ಇಂಥ ದಿನ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಕಟ್ಟಿ ನಿಲ್ಲುತ್ತಾರೆ. ‘ನಿಮ್ಮ ಹುಡುಗ ಹಿಂಗ ಮಾಡ್ಯಾನ ನೋಡ್ರಿ’ ಅಂತ ಮಾಸ್ತರರು ಶುರು ಮಾಡಿ ಮುಗಿಸುವಷ್ಟರಲ್ಲಿ ಅಪ್ಪನಿಗೆ ನಾಲ್ಕು ಜನರ ಮುಂದೆ ಮಾನ ಹೋದಂತಾಗಿರುತ್ತದೆ. ಅಲ್ಲೇ, ಎಲ್ಲರೆದುರಿಗೆ, ಮಗನ ಕಪಾಳಕ್ಕೆ ಬಾರಿಸುತ್ತಾನೆ. ಮಾಸ್ತರರು ‘ಬ್ಯಾಡ್ರಿ, ಹೊಡೀಬ್ಯಾಡ್ರಿ’ ಅಂತ ಬಿಡಿಸುತ್ತಾರೆ. ಶಿಕ್ಷಕರು ಹೊಡೆಯುವ ಹಾಗಿಲ್ಲ ಅಂತ ಕಾನೂನು ಬಂದ ಮೇಲೆ ಬೆತ್ತ ಎಲ್ಲಿಗೆ ಹೋಯಿತು ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ಅದು ಅಪ್ಪನ ಕೈಗೆ ಹೋಯಿತು.

ಹೊರಗೆ ಕೂತ ಮಗುವಿಗೆ ತಪ್ಪುವುದು ಪಾಠ ಮಾತ್ರ ಅಲ್ಲ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ಉತ್ತರದ ಈ ಜಿಲ್ಲೆಗಳಲ್ಲಿ. ಶಾಲೆಯಲ್ಲಿ ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರ್‌ನಲ್ಲಿ ಆರಂಭಿಸಿದಾಗಲೂ ಬೀದರ್, ಕಲಬುರಗಿ, ಯಾದಗಿರಿ ಮೊದಲ ಪಟ್ಟಿಯಲ್ಲೇ ಇದ್ದವು. ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅನ್ನುವುದೇ ಕಾರಣ. ಕ್ಷೀರಭಾಗ್ಯದ ಹಾಲು 2013ರಿಂದ ಇದೆ. ಗೇಟಿನ ಆಚೆ ಕಳಿಸಿದ ಮಗುವಿಗೆ ಈ ಮೂರೂ ಇಲ್ಲ. ಬೆಂಚ್ ಮುರಿದದ್ದಕ್ಕೆ ಊಟ ಕಿತ್ತುಕೊಳ್ಳಿ ಅಂತ ಯಾವ ಮಾಸ್ತರರೂ ಬಾಯಿಬಿಟ್ಟು ಹೇಳಲಾರರು. ಆದರೆ ಆಗುವುದು ಅದೇ ಅಲ್ವಾ?

ಎರಡನೇ ದಾರಿ ಟೀಸಿ. ‘ಟೀಸಿ ಕೈಗಿ ಕೊಟ್ಟು ಕಳಸ್ತೀನಿ ನೋಡ್’ ಅನ್ನುವ ಬೆದರಿಕೆ ಕೇಳದೆ ನಮ್ಮ ಕಡೆ ಯಾರೂ ಹೈಸ್ಕೂಲ್ ಮುಗಿಸಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಮಾತು. ಹತ್ತನೇ ಸಲ ನಿಜವಾಗಿಯೂ ಕೊಡುತ್ತಾರೆ. ಅಂಥ ಒಂದು ಟೀಸಿಯನ್ನು ಕೈಯಲ್ಲಿ ಹಿಡಿದು ಓದಿದರೆ ತಮಾಷೆಯಾಗಿರುತ್ತದೆ. ಶಾಲೆ ಬಿಡಲು ಕಾರಣ ಅನ್ನುವ ಜಾಗದಲ್ಲಿ ‘ಪಾಲಕರ ಕೋರಿಕೆಯ ಮೇರೆಗೆ’ ಅಂತ ಇರುತ್ತದೆ. ನಡತೆ ಅನ್ನುವ ಜಾಗದಲ್ಲಿ ‘ಉತ್ತಮ’. ನಡತೆ ಉತ್ತಮವಾಗಿರುವ, ಪಾಲಕರೇ ಕೇಳಿಕೊಂಡು ಬಿಡಿಸಿದ ಮಗು! ಹಿಂದಿನ ದಿನ ಅದೇ ಆಫೀಸ್ ರೂಮಿನಲ್ಲಿ ಏನು ನಡೆದಿತ್ತು ಅನ್ನುವುದರ ಸುಳಿವು ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಇದನ್ನು ಶಾಲೆಯ ದಯೆ ಅಂತ ಹೇಳುವವರಿದ್ದಾರೆ. ಕೆಟ್ಟ ನಡತೆ ಅಂತ ಬರೆದರೆ ಬೇರೆ ಶಾಲೆಯಲ್ಲಿ ಸೀಟು ಸಿಗುವುದಿಲ್ಲ, ಹುಡುಗನ ಭವಿಷ್ಯ ಹಾಳು, ಅದಕ್ಕೇ ಹಾಗೆ ಬರೆಯುತ್ತೇವೆ ಅನ್ನುತ್ತಾರೆ. ಅರ್ಧ ನಿಜ. ಉಳಿದರ್ಧ ಅಂದರೆ, ಕಾರಣ ಬರೆದ ತಕ್ಷಣ ಆ ಕಾಗದ ಶಾಲೆಯ ಮೇಲೇ ಸಾಕ್ಷಿಯಾಗುತ್ತದೆ. ಯಾಕಂದರೆ ಎಂಟನೇ ಕ್ಲಾಸಿನ ತನಕ ಮಗುವನ್ನು ಹೊರಹಾಕುವ ಅಧಿಕಾರ ಯಾವ ಹೆಡ್ ಮಾಸ್ತರರಿಗೂ ಇಲ್ಲ.

ಅದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್. 2009ರ ಕಾಯ್ದೆ, ಜಾರಿಯಾಗಿದ್ದು 2010ರ ಏಪ್ರಿಲ್ 1ರಿಂದ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ತರಗತಿ ಮುಗಿಯುವವರೆಗೆ, ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿ ಬಂತು. 5 ಮತ್ತು 8ನೇ ತರಗತಿಯಲ್ಲಿ ಮರುಪರೀಕ್ಷೆಯಲ್ಲೂ ಪಾಸಾಗದ ಮಗುವನ್ನು ಅದೇ ಕ್ಲಾಸಿನಲ್ಲಿ ಉಳಿಸಿಕೊಳ್ಳುವುದನ್ನು ರಾಜ್ಯಗಳ ತೀರ್ಮಾನಕ್ಕೆ ಬಿಟ್ಟರು. ಅದನ್ನೇ ಹಿಡಿದುಕೊಂಡು ‘ಈಗ ಕಾನೂನು ಸಡಿಲ ಆಗ್ಯಾದ’ ಅನ್ನುವ ಶಿಕ್ಷಕರು ಸಿಗುತ್ತಾರೆ. ಫೇಲ್ ಮಾಡುವುದಕ್ಕೆ ಸಡಿಲ ಆಗಿದೆ ನಿಜ. ಹೊರಹಾಕಬಾರದು ಅನ್ನುವುದು ತಿದ್ದುಪಡಿಯ ನಂತರವೂ ಹಾಗೇ ಇದೆ.

17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಾಡಿದವರ ಮೇಲೆ ಸೇವಾ ನಿಯಮದಡಿ ಕ್ರಮ. ಕ್ಲಾಸಿನ ಹೊರಗೆ ದಿನವಿಡೀ ನಿಲ್ಲಿಸುವುದು, ಬಾಕಿ ಫೀ ಹೆಸರು ಕೂಗಿ ಎಬ್ಬಿಸುವುದು ಮಾನಸಿಕ ಕಿರುಕುಳ ಅಲ್ಲದೆ ಮತ್ತೇನು ಅಂತ ನಾನು ಕೇಳುತ್ತೇನೆ. ಟೀಸಿಯ ವಿಷಯ 5ನೇ ಸೆಕ್ಷನ್ನಿನಲ್ಲಿದೆ. ಬೇರೆ ಶಾಲೆಗೆ ಹೋಗಲು ಬಯಸುವ ಮಗುವಿಗೆ ಕೂಡಲೇ ಟೀಸಿ ಕೊಡಬೇಕು, ಟೀಸಿ ತಡವಾಯಿತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಮಗುವಿನ ಅನುಕೂಲಕ್ಕೆ ಮಾಡಿದ ನಿಯಮ ಇದು. ಗುಳೆ ಹೋಗುವ ಕುಟುಂಬಗಳಿಗಂತೂ ಬೇಕೇ ಬೇಕಾದದ್ದು. ನಾವು ಅದನ್ನು ಮಗುವನ್ನು ದಾಟಿಸಲು ಬಳಸುತ್ತಿದ್ದೇವೆ.

ಕಾನೂನಿನಲ್ಲಿ ಎರಡು ದೊಡ್ಡ ತೂತುಗಳಿವೆ. ಒಂದು, ಅಲ್ಪಸಂಖ್ಯಾತ ಸಂಸ್ಥೆಗಳು. ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಅಂದಿತು. ಕಲಬುರಗಿ, ಬೀದರ್ ನಗರಗಳಲ್ಲಿ ಅಂಥ ಶಾಲೆಗಳು ಕಡಿಮೆಯೇನಲ್ಲ. ಅಲ್ಲಿನ ಮಗುವಿಗೆ 2015ರ ಬಾಲನ್ಯಾಯ ಕಾಯ್ದೆಯ ರಕ್ಷಣೆ ಇದೆ, 16ನೇ ಸೆಕ್ಷನ್ನಿನ ರಕ್ಷಣೆ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. ಒಂಬತ್ತನೇ ಕ್ಲಾಸ್. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಹುಡುಗ ತುಂಟನಾಗುವ, ಹುಡುಗಿಗೆ ಮನೆಯಲ್ಲಿ ಗಂಡು ನೋಡಲು ಶುರುಮಾಡುವ, ಕೂಲಿಗೆ ಪೂರ್ತಿ ಆಳು ಅಂತ ಲೆಕ್ಕಕ್ಕೆ ಬರುವ ವಯಸ್ಸಿಗೆ ಸರಿಯಾಗಿ ಕಾನೂನು ಕೈ ಬಿಡುತ್ತದೆ. ಸರಿಯಾಗಿ ಅದೇ ವರ್ಷ ಶಾಲೆಗೂ ಮಗುವನ್ನು ಬಿಡಲು ಒಂದು ಕಾರಣ ಸಿಗುತ್ತದೆ.

ಆ ಕಾರಣ ಎಸ್ಸೆಸ್ಸೆಲ್ಸಿ ರಿಸಲ್ಟ್. 2024ರಲ್ಲಿ ರಾಜ್ಯದ ಜಿಲ್ಲೆಗಳ ಪಟ್ಟಿಯಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, ಶೇಕಡಾ 50.59. 2025ರ ಪರೀಕ್ಷೆ-1ರಲ್ಲಿ ಕಲಬುರಗಿ ಕೊನೆಗೆ ಬಂತು, ಶೇಕಡಾ 42.43. ಆ ವರ್ಷ ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು 91.12. ರಿಸಲ್ಟ್ ಬಂದ ವಾರ ಪತ್ರಿಕೆಗಳಲ್ಲಿ ಟೀಕೆ, ಸಭೆಗಳಲ್ಲಿ ತರಾಟೆ, ಹೆಡ್ ಮಾಸ್ತರರಿಗೆ ನೋಟಿಸ್. ಇಷ್ಟೆಲ್ಲ ಒತ್ತಡ ಬಿದ್ದಾಗ ಒಂದು ಶಾಲೆ ಎರಡು ಕೆಲಸ ಮಾಡಬಹುದು. ಹಿಂದುಳಿದ ಮಕ್ಕಳಿಗೆ ಓದು ಬರೆಹ ಕಲಿಸುವುದು ಒಂದು. ಅದಕ್ಕೆ ಎರಡು ಮೂರು ವರ್ಷ ಬೇಕು, ಗಣಿತ ಇಂಗ್ಲಿಷ್ ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಬೇಕು. ಇನ್ನೊಂದು, ಪಾಸಾಗುವ ಹಾಗೆ ಕಾಣದ ಮಕ್ಕಳು ಹತ್ತನೇ ಕ್ಲಾಸಿನ ಪಟ್ಟಿಯಲ್ಲೇ ಇಲ್ಲದಂತೆ ನೋಡಿಕೊಳ್ಳುವುದು. ಇದಕ್ಕೆ ಒಂದು ಮಧ್ಯಾಹ್ನ ಸಾಕು. ನೂರು ಜನರಲ್ಲಿ ಐವತ್ತು ಪಾಸಾದರೆ ಶೇಕಡಾ ಐವತ್ತು. ಫೇಲಾಗುವ ಇಪ್ಪತ್ತು ಜನ ಮೊದಲೇ ಹೊರಗಿದ್ದರೆ ಅದೇ ಐವತ್ತು ಜನ ಶೇಕಡಾ 62.5 ಆಗುತ್ತಾರೆ. ಯಾರಿಗೂ ಒಂದಕ್ಷರ ಜಾಸ್ತಿ ಕಲಿಸಬೇಕಾಗಿಲ್ಲ.

ಎಲ್ಲ ಶಾಲೆಗಳೂ ಹೀಗೆ ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಲೆಕ್ಕ ಗೊತ್ತಿಲ್ಲದ ಶಾಲೆ ಇಲ್ಲ. ಖಾಸಗಿ ಶಾಲೆಗಳಲ್ಲಿ ಒಂಬತ್ತನೇ ಕ್ಲಾಸಿನ ಕೊನೆಗೆ ಪಾಲಕರನ್ನು ಕರೆಸಿ, ‘ನಿಮ್ಮ ಹುಡುಗ ಇಲ್ಲಿ ನಡೆಯಂಗಿಲ್ರಿ, ಬ್ಯಾರೆ ಸಾಲಿ ನೋಡ್ರಿ, ಇಲ್ಲಾ ಪ್ರೈವೇಟಾಗಿ ಪರೀಕ್ಷೆ ಕಟ್ಟಸ್ರಿ’ ಅನ್ನುತ್ತಾರೆ. ವಿಷಯ ಮಾರ್ಕ್ಸಿನದ್ದು, ಆದರೆ ಮಾತಿನಲ್ಲಿ ಬರುವುದು ಶಿಸ್ತು: ಹೋಮ್‌ವರ್ಕ್ ಮಾಡಲ್ಲ, ಕ್ಲಾಸಿನಲ್ಲಿ ಕೂರಲ್ಲ, ಬೇರೆಯವರನ್ನೂ ಕೆಡಿಸ್ತಾನೆ. ಆ ಹುಡುಗರು ಊರಿನ ಸರ್ಕಾರಿ ಹೈಸ್ಕೂಲಿಗೆ ಬರುತ್ತಾರೆ. ಅಲ್ಲಿನ ರಿಸಲ್ಟ್ ಇನ್ನಷ್ಟು ಇಳಿಯುತ್ತದೆ. ಆಮೇಲೆ ಸರ್ಕಾರಿ ಶಾಲೆ ನೋಡಿ, ಖಾಸಗಿ ಶಾಲೆ ನೋಡಿ ಅಂತ ನಾವೇ ಹೋಲಿಸುತ್ತೇವೆ.

ಇದಕ್ಕೆ ಹಾಜರಾತಿಯ ಗಂಟೂ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಅಪ್ಪನನ್ನು ಕರೆದುಕೊಂಡು ಬಾ ಅಂತ ಹೊರಗೆ ಕಳಿಸಿದ ದಿನಗಳಿಗೆ ರಿಜಿಸ್ಟರಿನಲ್ಲಿ ಬೀಳುವುದು ಗೈರು. ಶಾಲೆಯೇ ಕಳಿಸಿದ್ದು ಅಂತ ಅಲ್ಲಿ ಬರೆದಿರುವುದಿಲ್ಲ. ಫೆಬ್ರವರಿಯಲ್ಲಿ ಹಾಜರಾತಿ ಕೊರತೆ ಅಂತ ಹಾಲ್ ಟಿಕೆಟ್ ನಿಂತಾಗ, ತಪ್ಪು ಪೂರ್ತಿ ಹುಡುಗನದ್ದೇ ಆಗಿರುತ್ತದೆ.

ಹುಡುಗಿಯರ ಕಥೆಯಲ್ಲಿ ಶಿಕ್ಷೆ ಸಣ್ಣದಿರುತ್ತದೆ, ಪರಿಣಾಮ ದೊಡ್ಡದು. ಬ್ಯಾಗಿನಲ್ಲಿ ಮೊಬೈಲ್ ಸಿಕ್ಕಿತು, ಯಾರೋ ಹುಡುಗನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಮಾತಾಡುತ್ತಿದ್ದಳು, ಒಂದು ಚೀಟಿ ಸಿಕ್ಕಿತು. ಶಾಲೆ ಮನೆಯವರನ್ನು ಕರೆಸುತ್ತದೆ. ಶಾಲೆಯ ಲೆಕ್ಕದಲ್ಲಿ ಅದು ಎಚ್ಚರಿಕೆ, ಅಷ್ಟೇ. ಮನೆಯ ಲೆಕ್ಕದಲ್ಲಿ ಅಲ್ಲಿಗೆ ಓದು ಮುಗಿಯಿತು. ಮುಂದಿನ ಲಗ್ನದ ಸೀಸನ್ನಿನೊಳಗೆ ಮದುವೆ. ಬಾಲ್ಯವಿವಾಹ ತಡೆಯಲು 2006ರ ಕಾಯ್ದೆ ಇದೆ, ಅಧಿಕಾರಿಗಳಿದ್ದಾರೆ, ಗೋಡೆಬರಹ ಇದೆ. ಅದೆಲ್ಲಕ್ಕಿಂತ ದೊಡ್ಡ ತಡೆ ಅಂದರೆ ಹುಡುಗಿ ದಿನಾ ಶಾಲೆಗೆ ಹೋಗುತ್ತಿರುವುದು. ಅದನ್ನು ಶಾಲೆಯೇ ತೆಗೆದುಬಿಟ್ಟರೆ?

ಹಾಸ್ಟೆಲ್ ಮಕ್ಕಳದ್ದು ಇನ್ನೊಂದು ಬಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು: ಈ ಮೂರು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಮೊದಲ ತಲೆಮಾರು ಓದುತ್ತಿರುವುದು ಇವುಗಳಿಂದ. ಇಲ್ಲಿ ‘ಒಂದು ವಾರ ಮನೆಗೆ ಹೋಗಿ ಬಾ’ ಅನ್ನುವುದು ಶಿಕ್ಷೆ. ಹಾಸ್ಟೆಲ್ ತಪ್ಪಿದರೆ ಮಗುವಿಗೆ ಕ್ಲಾಸೂ ಇಲ್ಲ, ಮಲಗುವ ಜಾಗವೂ ಇಲ್ಲ, ಊಟವೂ ಇಲ್ಲ. ಮನೆಗೆ ಕಳಿಸುವ ಮುನ್ನ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳುವ ವಾರ್ಡನ್‌ಗಳೂ ಇದ್ದಾರೆ. ಅದು ಅವರ ಒಳ್ಳೆಯತನ, ನಿಯಮವಲ್ಲ.

ಬಟ್ಟೆ, ಕೂದಲು, ಶೂ, ಬಳೆಗಾಗಿ ಗೇಟಿನಿಂದ ವಾಪಸ್ ಕಳಿಸುವುದರ ಬಗ್ಗೆ ಜಾಸ್ತಿ ಬರೆಯಬೇಕಿಲ್ಲ, ಎಲ್ಲರೂ ನೋಡಿದ್ದೇವೆ. ಅದು ಇಡೀ ರಾಜ್ಯಕ್ಕೆ ಕಂಡಿದ್ದು 2022ರ ಫೆಬ್ರವರಿಯಲ್ಲಿ, ಹಿಜಾಬ್ ವಿವಾದದ ನಡುವೆ ಸಮವಸ್ತ್ರದ ಸರ್ಕಾರಿ ಆದೇಶ ಬಂದಾಗ. ಮಾರ್ಚ್ 15ಕ್ಕೆ ಹೈಕೋರ್ಟ್ ಆ ಆದೇಶವನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆ ವಾದದಲ್ಲಿ ನೀವು ಯಾವ ಕಡೆಗಾದರೂ ಇರಿ. ತನ್ನ ಮನಸ್ಸಿನಲ್ಲಿ ಮುಖ್ಯವಾಗಿದ್ದದ್ದು ಹೆಣ್ಣುಮಗುವಿನ ಓದು ಅಂತ ನ್ಯಾ. ಸುಧಾಂಶು ಧುಲಿಯಾ ಬರೆದದ್ದು ಮಾತ್ರ ನನಗೆ ಇಲ್ಲಿ ಬೇಕಾದ ಮಾತು. ನಿಯಮ ಮುರಿದ ಮಗುವಿಗೆ ಏನು ಮಾಡಬೇಕು ಅನ್ನುವುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಗೇಟ್ ಮುಚ್ಚುವುದೇ ಆಗಬೇಕೇ ಅನ್ನುವುದು ಬೇರೆ ಪ್ರಶ್ನೆ.

ಇಷ್ಟು ಹೇಳಿ ಶಿಕ್ಷಕರನ್ನು ಖಳರನ್ನಾಗಿ ಮಾಡಿದರೆ ಅನ್ಯಾಯ. ಕಲ್ಯಾಣ ಕರ್ನಾಟಕದ ಶಾಲೆಗಳು ಎಷ್ಟೋ ವರ್ಷಗಳಿಂದ ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿವೆ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು, ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲು ಬಂತು. ಹುದ್ದೆಗಳು ಮಾತ್ರ ಇನ್ನೂ ಪೂರ್ತಿ ತುಂಬಿಲ್ಲ. ಅತಿಥಿ ಶಿಕ್ಷಕರಿಗೆ ಗೌರವಧನ ಸಮಯಕ್ಕೆ ಬರುವುದಿಲ್ಲ, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು. ಹಿಂದಿನ ಬೆಂಚಿನಲ್ಲಿ ಒಬ್ಬ ಗುಟ್ಕಾ ಹಾಕಿಕೊಂಡಿದ್ದಾನೆ, ಇನ್ನೊಬ್ಬ ಚಿಕ್ಕ ಹುಡುಗನ ಕೈ ತಿರುಚುತ್ತಿದ್ದಾನೆ. ಬೆತ್ತ ತಗೋಬೇಡಿ ಅಂತ ಸುತ್ತೋಲೆ ಬಂತು, ಸರಿ. ಅದರ ಬದಲು ಏನು ತಗೋಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಆಪ್ತಸಮಾಲೋಚಕರು ಅನ್ನುವ ಹುದ್ದೆ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕೈಯಲ್ಲಿ ಉಳಿದದ್ದು ಒಂದೇ: ‘ಹೊರಗ ನಡಿ.’

ಏಟು ತಿನ್ನುತ್ತಿರುವ ಚಿಕ್ಕ ಹುಡುಗನಿಗೂ ಹಕ್ಕಿದೆ. ಹೊಡೆಯುವವನನ್ನು ಅವನ ಪಕ್ಕದಿಂದ ಎಬ್ಬಿಸಲೇಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಎಬ್ಬಿಸಿ ಹೆಡ್ ಮಾಸ್ತರರ ಕೋಣೆಯಲ್ಲಿ ಕೂರಿಸಿ, ಬೇರೆ ಸೆಕ್ಷನ್ನಿಗೆ ಹಾಕಿ, ಎರಡು ದಿನ ಲೈಬ್ರರಿಯಲ್ಲಿ ಕೂರಿಸಿ ಪಾಠ ಬರೆಸಿ. ಎಲ್ಲವೂ ಶಾಲೆಯ ಕಾಂಪೌಂಡಿನ ಒಳಗೆ. ಆ ಹುಡುಗನನ್ನು ರಸ್ತೆಗೆ ಬಿಟ್ಟರೆ ಅವನ ಸಿಟ್ಟು ಎಲ್ಲಿಗೆ ಹೋಗುತ್ತದೆ? ಸಂಜೆ ಐದಕ್ಕೆ ಅದೇ ಚಿಕ್ಕ ಹುಡುಗ ಅದೇ ರಸ್ತೆಯಲ್ಲಿ ಮನೆಗೆ ನಡೆದು ಹೋಗಬೇಕು.

ಬೇರೆ ದೇಶಗಳ ಉದಾಹರಣೆ ತಂದು ನಮ್ಮನ್ನು ಬೈಯುವುದು ನನಗೆ ಇಷ್ಟವಿಲ್ಲ. ಆದರೆ ಇಲ್ಲಿ ಒಂದು ವಿಚಿತ್ರ ಇದೆ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಮಕ್ಕಳನ್ನು ಸಸ್ಪೆಂಡ್ ಮಾಡುವುದು ಕಾನೂನುಬದ್ಧ, ಮತ್ತು ಸಿಕ್ಕಾಪಟ್ಟೆ ಮಾಡುತ್ತಾರೆ. ಆದರೂ ಅಲ್ಲಿನ ಮಗುವಿನ ಕೈಯಲ್ಲಿ ಒಂದು ಕಾಗದ ಇರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ, ಒಹಾಯೊ ರಾಜ್ಯದ ಕೊಲಂಬಸ್ ನಗರದ ವಿದ್ಯಾರ್ಥಿಗಳ ಪ್ರಕರಣದಲ್ಲಿ, ಹತ್ತು ದಿನದೊಳಗಿನ ಸಸ್ಪೆನ್ಶನ್ನಿಗೂ ಕಾರಣ ತಿಳಿಸಬೇಕು, ಮಗುವಿನ ಮಾತು ಕೇಳಬೇಕು ಅಂದಿತು. ಇಂಗ್ಲೆಂಡಿನಲ್ಲಿ ಒಂದು ಶೈಕ್ಷಣಿಕ ವರ್ಷದಲ್ಲಿ ಒಟ್ಟು 45 ದಿನ ಮೀರುವಂತಿಲ್ಲ, ಆರನೇ ದಿನದಿಂದ ಬೇರೆ ಕಡೆ ಓದಿಸುವ ವ್ಯವಸ್ಥೆ ಮಾಡಲೇಬೇಕು. ಇಷ್ಟು ಲೆಕ್ಕ ಇಡುವುದರಿಂದಲೇ ಅಮೆರಿಕದಲ್ಲಿ ಕಪ್ಪು ಮಕ್ಕಳು ಬಿಳಿ ಮಕ್ಕಳಿಗಿಂತ ಸುಮಾರು ಮೂರು ಪಟ್ಟು ಪ್ರಮಾಣದಲ್ಲಿ ಸಸ್ಪೆಂಡ್ ಆಗುತ್ತಿದ್ದರು ಅನ್ನುವುದು ಸರ್ಕಾರದ ಅಂಕಿಅಂಶಗಳಲ್ಲೇ ಹೊರಬಂತು. ರಿಸಲ್ಟ್ ಕಾಪಾಡಲು ಸದ್ದಿಲ್ಲದೆ ಮಕ್ಕಳನ್ನು ಪಟ್ಟಿಯಿಂದ ಇಳಿಸುವ ಚಾಳಿ ಇಂಗ್ಲೆಂಡಿನಲ್ಲೂ ಇದೆ, ಅಲ್ಲಿನ ಶಾಲಾ ತಪಾಸಣಾ ಸಂಸ್ಥೆ ಅದನ್ನು ಹುಡುಕುತ್ತದೆ.

ನಮ್ಮಲ್ಲಿ ಹೊರಹಾಕುವುದೇ ನಿಷಿದ್ಧ. ನಿಷಿದ್ಧವಾದ್ದರಿಂದ ನಡೆಯುವುದಿಲ್ಲ. ನಡೆಯದ್ದರ ಲೆಕ್ಕ ಯಾಕೆ ಇಡಬೇಕು? ಹೀಗಿದೆ ಇಲ್ಲಿನ ತರ್ಕ. ಹೊರಗೆ ಕೂತವರಲ್ಲಿ ತಾಂಡಾದವರೆಷ್ಟು, ಪರಿಶಿಷ್ಟ ಜಾತಿಯವರೆಷ್ಟು, ಗುಳೆ ಹೋದವರ ಮಕ್ಕಳೆಷ್ಟು? ಯಾವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕಪಾಟಿನಲ್ಲೂ ಇದಕ್ಕೆ ಉತ್ತರ ಇಲ್ಲ. ಇಲಾಖೆ ವಿದ್ಯಾರ್ಥಿಗಳ ಲೆಕ್ಕ ಇಡುವ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ನಂಬರ್ ಇದೆ, ಆ ನಂಬರಿನ ಮಗು ಇವತ್ತು ಗೇಟಿನ ಯಾವ ಕಡೆ ಇದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಹೊಸ ಕಾನೂನೇನೂ ಬೇಕಾಗಿಲ್ಲ. ಇರುವುದನ್ನೇ ಹಿಡಿದು ಕೇಳಿದರೆ ಸಾಕಷ್ಟಾಗುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. ಆ ಪ್ರಕರಣದ ನಂತರ, ಸತತ ಏಳು ದಿನ ಕಾರಣವಿಲ್ಲದೆ ಬಾರದ ಮಗುವನ್ನು ಶಾಲೆ ಹೊರಗಿನ ಮಗು ಅಂತ ಲೆಕ್ಕ ಹಾಕಿ ಹುಡುಕಬೇಕು ಅನ್ನುವ ಅಳತೆ ಬಂತು. ಅದಕ್ಕೂ ಮೊದಲು 60 ದಿನ ಕಾಯುತ್ತಿದ್ದರು. ಅಪ್ಪನನ್ನು ಕರೆದುಕೊಂಡು ಬಾ ಅಂತ ಕಳಿಸಿದ ಮಗು ಎಂಟನೇ ದಿನ ಬರದಿದ್ದರೆ, ಹುಡುಕಿಕೊಂಡು ಹೋಗಬೇಕಾದವರು ಕಳಿಸಿದವರೇ. ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪೋಷಕರು ಅಂದರೆ ಅಪ್ಪ ಅವ್ವ ಮಾತ್ರ ಅಲ್ಲ, ಮಗುವಿನ ಆರೈಕೆ ಯಾರ ಕೈಯಲ್ಲಿದೆಯೋ ಅವರೂ ಸೇರುತ್ತಾರೆ. ಅಜ್ಜಿ ಬಂದರೆ ಪಾಲಕರು ಬಂದ ಹಾಗೆಯೇ. ಅಪ್ಪನೇ ಬೇಕು ಅನ್ನುವುದು ಕಾಯ್ದೆಯಲ್ಲಿಲ್ಲ. ಅವನ ಜೊತೆಗೇ ಮಾತಾಡಬೇಕೆಂದಿದ್ದರೆ ಫೋನ್ ಇದೆ, ಪುಣೆಯ ಸೈಟಿನಲ್ಲಿ ಕೆಲಸ ಮಾಡುವವನ ಕೈಯಲ್ಲೂ ಇದೆ.

ಎಸ್‌ಡಿಎಂಸಿ, ಅಂದರೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆ ಸಾಮಾನ್ಯವಾಗಿ ಕಟ್ಟಡ, ಸುಣ್ಣಬಣ್ಣ, ಬಿಸಿಯೂಟದ ಸುತ್ತಲೇ ಸುತ್ತುತ್ತದೆ. ಅದರಲ್ಲಿ ಒಂದು ಪುಸ್ತಕ ಇಡಿಸಬಹುದು. ಮಗುವನ್ನು ಕ್ಲಾಸಿನಿಂದ ಅಥವಾ ಶಾಲೆಯಿಂದ ಹೊರಗೆ ಕಳಿಸಿದಾಗ ತಾರೀಖು, ಕಾರಣ, ಕಳಿಸಿದವರ ಸಹಿ, ವಾಪಸ್ ಬಂದ ದಿನ. ಇಷ್ಟೇ. ತಿಂಗಳಿಗೊಮ್ಮೆ ಓದಿ ಹೇಳಬೇಕು. ಸಹಿ ಹಾಕಬೇಕು ಅಂದಾಗಲೇ ಅರ್ಧದಷ್ಟು ಕಡಿಮೆಯಾಗುತ್ತದೆ ಅನ್ನುವುದು ನನ್ನ ಅಂದಾಜು. ಇಲಾಖೆಯ ಕಡೆಯಿಂದ ಆಗಬೇಕಾದದ್ದು, ರಿಸಲ್ಟ್ ನೋಡುವಾಗ ಹತ್ತನೇ ಕ್ಲಾಸಿನ ಪಟ್ಟಿಯನ್ನು ಎಂಟನೇ ಕ್ಲಾಸಿನ ಪಟ್ಟಿಯ ಜೊತೆ ಇಟ್ಟು ನೋಡುವುದು. ಎಂಟರಲ್ಲಿ ಎಂಬತ್ತು ಮಕ್ಕಳಿದ್ದು ಹತ್ತರಲ್ಲಿ ಐವತ್ತು ಮಕ್ಕಳು ಪರೀಕ್ಷೆ ಬರೆದ ಶಾಲೆಗೆ ಶೇಕಡಾ ನೂರು ಬಂದರೂ ಹೂಮಾಲೆ ಹಾಕುವ ಮುಂಚೆ ಉಳಿದ ಮೂವತ್ತು ಮಕ್ಕಳು ಎಲ್ಲಿ ಅಂತ ಕೇಳಬೇಕು.

ಪಾಲಕರು ಮಾಡಬಹುದಾದದ್ದು ಸರಳ. ಮಗುವನ್ನು ಹೊರಗೆ ಕಳಿಸಿದರೆ, ಕಾರಣ ಬರೆದು ಕೊಡಿ ಅಂತ ಕೇಳಿ. ಒತ್ತಾಯದ ಟೀಸಿಗೆ ‘ನನ್ನ ಕೋರಿಕೆ ಮೇರೆಗೆ’ ಅಂತ ಬರೆದಿದ್ದರೆ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ಬರೆಯಲು ಬಾರದಿದ್ದರೆ ಊರಿನ ಓದಿದ ಹುಡುಗರಿಂದ ಬಿಇಒ ಹೆಸರಿಗೆ ಒಂದು ಅರ್ಜಿ ಬರೆಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು ಅನ್ನುತ್ತದೆ ಕಾಯ್ದೆ. ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಮೂರು ತಿಂಗಳು ಅಂದರೆ ಮಗುವಿಗೆ ವರ್ಷದ ಪಾಠದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಅಷ್ಟು ಕಾಯಲು ಆಗದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಉಚಿತ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಅಲ್ಲಿ ಮಕ್ಕಳೇ ಎದ್ದು ನಿಂತು ಕೇಳಬಹುದು. ಅರ್ಜಿ ವಿಚಾರಣೆಯಲ್ಲಿ ಇರುವಷ್ಟು ದಿನವೂ ಮಗುವನ್ನು ದಿನಾ ಶಾಲೆಗೆ ಕಳಿಸುತ್ತಿರಿ. ಎಂಟನೇ ಕ್ಲಾಸಿನವರೆಗೆ ಅದನ್ನು ವಾಪಸ್ ಕಳಿಸುವ ಅಧಿಕಾರ ಗೇಟಿನಲ್ಲಿ ನಿಂತವರಿಗಿಲ್ಲ.